ವೆಬ್ ಪುಟದಲ್ಲಿ ಸ್ಕ್ರಿಪ್ಟ್ ಎಲ್ಲಿಡಬೇಕು? ಹೆಡ್, ಬಾಡಿ, ಡಿಫರ್, ಅಸಿಂಕ್: ಸಮಗ್ರ ಮಾರ್ಗದರ್ಶಿ

ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಬ್ರೌಸರ್ ದೋಷಗಳನ್ನು ತೋರಿಸುವ ಕನ್ಸೋಲ್ ತೆರೆದು ನೋಡಿದರೆ ‘ಕ್ಯಾನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್’ ಎಂಬ ಕೆಂಪು ಸಾಲು; ನಲ್ ಎಂದರೆ ಹುಡುಕಿದ್ದು ಸಿಗಲಿಲ್ಲ ಎಂದರ್ಥ. ಐಡಿ ಸರಿಯಾಗಿದೆ, ಫೈಲ್ ಸಿಕ್ಕಿದೆ, ಕೋಡ್‌ನಲ್ಲಿ ಅಕ್ಷರದ ತಪ್ಪೂ ಇಲ್ಲ. ಯಾರೋ ಹೇಳಿದರೆಂದು ಸ್ಕ್ರಿಪ್ಟ್ ಟ್ಯಾಗನ್ನು ಪುಟದ ಕೊನೆಗೆ ಸರಿಸಿದರೆ ಆ ದೋಷ ಹೋಗುತ್ತದೆ; ಎರಡು ದಿನ ಕಳೆದು ಇನ್ನೊಂದು ಬರುತ್ತದೆ. ಹೀಗೆ ಮತ್ತೆ ಮತ್ತೆ ಆಗಲು ಕಾರಣ ಒಂದೇ. ಟ್ಯಾಗ್ ಎಲ್ಲಿದೆ ಎಂದು ನೋಡುತ್ತೇವೆ, ಅದು ಯಾವಾಗ ರನ್ ಆಗುತ್ತದೆ ಎಂದು ನೋಡುವುದಿಲ್ಲ. ಕೆಳಗಿನ ಹಂತಗಳೆಲ್ಲ ಆ ‘ಯಾವಾಗ’ ಎಂಬುದನ್ನು ನಿಮ್ಮ ಹಿಡಿತಕ್ಕೆ ತರಲು ಇರುವವು. ಕೊಟ್ಟಿರುವ ಕ್ರಮದಲ್ಲೇ ಮಾಡಿ. ಮೊದಲ ಹಂತ ಬಿಟ್ಟು ನೇರವಾಗಿ ಡಿಫರ್ (ಪುಟ ಓದಿ ಮುಗಿದ ಮೇಲೆ ಸ್ಕ್ರಿಪ್ಟ್ ರನ್ ಆಗಲಿ ಎಂದು ಟ್ಯಾಗಿನಲ್ಲಿ ಬರೆಯುವ ಪದ) ಹಾಕಲು ಹೋದವರೇ ಹೆಚ್ಚು ಸಿಕ್ಕಿಬೀಳುವುದು.

ಮೊದಲು ಹೊಂದಿಸಿಕೊಳ್ಳಬೇಕಾದದ್ದು

ಸಾಲಿನ ಸಂಖ್ಯೆ ತೋರಿಸುವ ಟೆಕ್ಸ್ಟ್ ಎಡಿಟರ್ ಒಂದು, ಡೆವಲಪರ್ ಟೂಲ್ಸ್ ಇರುವ ಬ್ರೌಸರ್ ಒಂದು. ಟೂಲ್ಸ್‌ನಲ್ಲಿ ನಿಮಗೆ ಬೇಕಾಗುವುದು ಕನ್ಸೋಲ್, ನೆಟ್‌ವರ್ಕ್ ಮತ್ತು ಎಲಿಮೆಂಟ್ಸ್ ಎಂಬ ಮೂರು ಟ್ಯಾಬ್‌ಗಳು ಮಾತ್ರ. ಇದರ ಜೊತೆಗೆ ನಿಮ್ಮದೇ ಕಂಪ್ಯೂಟರಿನಲ್ಲಿ ಓಡುವ ಚಿಕ್ಕ ಲೋಕಲ್ ಸರ್ವರ್ ಇರಲಿ. ಎಚ್‌ಟಿಎಂಎಲ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಮಾಡ್ಯೂಲ್ ಫೈಲ್‌ಗಳು (ಟೈಪ್ ಮಾಡ್ಯೂಲ್ ಎಂದು ಬರೆದು ಸೇರಿಸುವ ಸ್ಕ್ರಿಪ್ಟ್‌ಗಳು, ಏಳನೇ ಹಂತ ನೋಡಿ) ಲೋಡ್ ಆಗುವುದೇ ಇಲ್ಲ, ಆಮೇಲೆ ಇಲ್ಲದ ತಪ್ಪನ್ನು ಹುಡುಕುತ್ತ ಕೂರಬೇಕಾಗುತ್ತದೆ. ಪುಟದ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡು ಕೆಲಸ ಶುರು ಮಾಡಿ.

ಹಂತ 1: ಇರುವ ಸ್ಕ್ರಿಪ್ಟ್‌ಗಳನ್ನೆಲ್ಲ ಪಟ್ಟಿ ಮಾಡಿ

ಪುಟದ ಮೇಲಿನಿಂದ ಕೆಳಗಿನವರೆಗೆ ಓದಿ, ಸಿಕ್ಕ ಪ್ರತಿ ಸ್ಕ್ರಿಪ್ಟ್ ಟ್ಯಾಗನ್ನೂ ಕ್ರಮವಾಗಿ ಬರೆದುಕೊಳ್ಳಿ. ಹೊರಗಿನ ಫೈಲ್‌ಗಳು, ಪುಟದೊಳಗೇ ಬರೆದ ಇನ್‌ಲೈನ್ ಕೋಡ್, ಎಲಿಮೆಂಟ್‌ಗಳ (ಬಟನ್, ಚಿತ್ರದಂಥ ಪುಟದ ಭಾಗಗಳ) ಮೇಲೆಯೇ ಬರೆದ ಆನ್‌ಕ್ಲಿಕ್‌ನಂಥವು, ಈ ಮೂರೂ ಪಟ್ಟಿಯಲ್ಲಿರಬೇಕು. ಆನ್‌ಕ್ಲಿಕ್‌ಗಳನ್ನು ಬಿಟ್ಟುಬಿಡುವುದು ಬಹಳ ಸಾಮಾನ್ಯ, ಏಳನೇ ಹಂತದಲ್ಲಿ ಅವೇ ಕಾಡುತ್ತವೆ.

ಪ್ರತಿಯೊಂದರ ಮುಂದೆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಇದು ಪುಟದ ಯಾವುದಾದರೂ ಎಲಿಮೆಂಟನ್ನು ಹುಡುಕುತ್ತದೆಯೇ? ಇದಕ್ಕೆ ಬೇರೆ ಸ್ಕ್ರಿಪ್ಟ್ ಬೇಕೇ, ಅಥವಾ ಬೇರೆಯದಕ್ಕೆ ಇದು ಬೇಕೇ? ಪುಟ ಕಣ್ಣಿಗೆ ಕಾಣುವ ಮೊದಲೇ ಇದರ ಕೆಲಸ ಮುಗಿಯಬೇಕೇ? ಮೂರನೆಯದಕ್ಕೆ ‘ಹೌದು’ ಎಂಬ ಉತ್ತರ ಬರುವುದು ತೀರಾ ಅಪರೂಪ. ನಿಮ್ಮ ಪಟ್ಟಿಯಲ್ಲಿ ಎರಡಕ್ಕಿಂತ ಹೆಚ್ಚು ‘ಹೌದು’ ಕಂಡರೆ ಮತ್ತೊಮ್ಮೆ ಯೋಚಿಸಿ.

ಹಂತ 2: ಬ್ರೌಸರ್ ಓದುವ ಬಗೆಯನ್ನು ಮನಸ್ಸಿಗೆ ತಂದುಕೊಳ್ಳಿ

ಬ್ರೌಸರಿನ ಪಾರ್ಸರ್ ಎಂಬ ಭಾಗ ಎಚ್‌ಟಿಎಂಎಲ್ ಅನ್ನು ಮೇಲಿನಿಂದ ಕೆಳಕ್ಕೆ ಓದುತ್ತ, ಓದಿದಷ್ಟನ್ನೇ ಎಲಿಮೆಂಟ್‌ಗಳಾಗಿ ಕಟ್ಟುತ್ತ ಹೋಗುತ್ತದೆ. ಡಿಫರ್, ಅಸಿಂಕ್‌ನಂಥ ಆಟ್ರಿಬ್ಯೂಟ್ (ಟ್ಯಾಗಿನೊಳಗೆ ಬರೆಯುವ ಸೂಚನೆ) ಇಲ್ಲದ ಸ್ಕ್ರಿಪ್ಟ್ ಟ್ಯಾಗ್ ಎದುರಾದರೆ ಅಲ್ಲಿಗೇ ನಿಲ್ಲುತ್ತದೆ. ಫೈಲ್ ಡೌನ್‌ಲೋಡ್ ಆಗಬೇಕು, ರನ್ ಆಗಬೇಕು, ಆಮೇಲೆಯೇ ಮುಂದಿನ ಸಾಲು. ಆ ಸ್ಕ್ರಿಪ್ಟ್ ‘ಡಾಕ್ಯುಮೆಂಟ್ ಡಾಟ್ ರೈಟ್’ ಬಳಸಿ ಅದೇ ಜಾಗದಲ್ಲಿ ಹೊಸ ಎಚ್‌ಟಿಎಂಎಲ್ ತುರುಕಬಹುದು ಎಂಬ ಕಾರಣಕ್ಕೆ ಬ್ರೌಸರ್ ಕಾಯಲೇಬೇಕಾಗುತ್ತದೆ.

ಇದರಿಂದ ಎರಡು ತೊಂದರೆ. ಪುಟದ ಮಾಹಿತಿ ಇರುವ ಮೇಲಿನ ಭಾಗವಾದ ಹೆಡ್‌ನಲ್ಲಿರುವ ಸ್ಕ್ರಿಪ್ಟ್ ರನ್ ಆಗುವ ಹೊತ್ತಿಗೆ, ಕಣ್ಣಿಗೆ ಕಾಣುವ ಭಾಗವಾದ ಬಾಡಿಯ ಒಂದೇ ಒಂದು ಎಲಿಮೆಂಟೂ ಹುಟ್ಟಿರುವುದಿಲ್ಲ. ‘ಗೆಟ್‌ಎಲಿಮೆಂಟ್‌ಬೈಐಡಿ’ ನಲ್ ಕೊಡುತ್ತದೆ. ‘ಡಾಕ್ಯುಮೆಂಟ್ ಡಾಟ್ ಬಾಡಿ’ ಕೂಡ ನಲ್ ಆಗಿರುತ್ತದೆ. ಎರಡನೆಯದು, ಫೈಲ್ ಕೊಡುವ ಸರ್ವರ್ ನಿಧಾನವಾದರೆ ಅಷ್ಟು ಹೊತ್ತೂ ಓದುಗರ ಮುಂದೆ ಖಾಲಿ ಪರದೆ.

ಪಾರ್ಸರ್ ನಿಂತಿದ್ದರೂ ಪ್ರೀಲೋಡ್ ಸ್ಕ್ಯಾನರ್ ಎಂಬ ಇನ್ನೊಂದು ಭಾಗ ಮುಂದಿನ ಸಾಲುಗಳಲ್ಲಿ ಕಣ್ಣಾಡಿಸಿ, ಅಲ್ಲಿರುವ ಫೈಲ್‌ಗಳ ಡೌನ್‌ಲೋಡ್ ಶುರು ಮಾಡಿರುತ್ತದೆ. ಆದ್ದರಿಂದ ಫೈಲ್‌ಗಳು ಒಟ್ಟೊಟ್ಟಿಗೆ ಬರುತ್ತಿರುವುದು ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕಂಡರೆ ‘ಏನೂ ತಡೆಯುತ್ತಿಲ್ಲ’ ಎಂದುಕೊಳ್ಳಬೇಡಿ. ಡೌನ್‌ಲೋಡ್ ಒಟ್ಟಿಗೆ ಆಗಬಹುದು, ರನ್ ಆಗುವುದು ಸಾಲಾಗಿಯೇ.

ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಜೊತೆಗಿನ ನಂಟನ್ನೂ ಇಲ್ಲೇ ತಿಳಿದುಕೊಳ್ಳಬೇಕು. ಸಿಎಸ್‌ಎಸ್ ಲಿಂಕ್‌ನ ಕೆಳಗೆ ಬರುವ ಸಾಮಾನ್ಯ ಸ್ಕ್ರಿಪ್ಟ್, ಆ ಸಿಎಸ್‌ಎಸ್ ಬಂದು ಸೇರುವವರೆಗೆ ರನ್ ಆಗುವುದಿಲ್ಲ. ಸ್ಕ್ರಿಪ್ಟ್ ಒಂದು ಎಲಿಮೆಂಟಿನ ಅಗಲವನ್ನೋ ಬಣ್ಣವನ್ನೋ ಕೇಳಿಬಿಟ್ಟರೆ ಬ್ರೌಸರ್ ಸರಿಯಾದ ಉತ್ತರ ಕೊಡಬೇಕಲ್ಲ. ಎರಡೇ ಸಾಲಿನ ಇನ್‌ಲೈನ್ ಕೋಡ್ ಕೂಡ ದೊಡ್ಡ ಸಿಎಸ್‌ಎಸ್ ಫೈಲ್‌ನ ಹಿಂದೆ ಸಿಕ್ಕಿಕೊಂಡು ಇಡೀ ಪಾರ್ಸರನ್ನು ನಿಲ್ಲಿಸುವುದು ಹೀಗೆ.

ಹಂತ 3: ಹೆಡ್ ಒಳಗಿನ ಕ್ರಮ ಸರಿಪಡಿಸಿ

ಎಲ್ಲಕ್ಕಿಂತ ಮೊದಲು ಅಕ್ಷರ ಸಂಕೇತ ಹೇಳುವ ಮೆಟಾ ಟ್ಯಾಗ್. ಅದು ಪುಟದ ಮೊದಲ 1024 ಬೈಟ್‌ಗಳೊಳಗೆ ಮುಗಿಯಬೇಕು. ಅದರ ಮೇಲೆ ಉದ್ದನೆಯ ಇನ್‌ಲೈನ್ ಸ್ಕ್ರಿಪ್ಟ್ ಅಂಟಿಸಿದರೆ ಆ ಮಿತಿ ದಾಟಿಹೋಗುತ್ತದೆ. ಸರ್ವರ್ ಬೇರೆ ದಾರಿಯಲ್ಲಿ ಸಂಕೇತ ತಿಳಿಸದಿದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಕಾಣಬಹುದು. ಕನ್ನಡ ಪುಟ ಮಾಡುವವರು ಈ ಒಂದು ಸಾಲಿನ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬಾರದು.

ಆಮೇಲೆ ಮೊಬೈಲ್ ಪರದೆಗೆ ಪುಟವನ್ನು ಹೊಂದಿಸುವ ವ್ಯೂಪೋರ್ಟ್ ಮೆಟಾ, ಟೈಟಲ್. ಅದರ ನಂತರ, ಮೊದಲ ಹಂತದ ಮೂರನೇ ಪ್ರಶ್ನೆಗೆ ನಿಜವಾಗಿ ‘ಹೌದು’ ಎಂದಿರುವ ಇನ್‌ಲೈನ್ ಕೋಡ್. ಇದಕ್ಕೆ ಒಳ್ಳೆಯ ಉದಾಹರಣೆ ಡಾರ್ಕ್ ಥೀಮ್. ಓದುಗರು ಹಿಂದೆ ಆರಿಸಿದ್ದ ಥೀಮನ್ನು ಲೋಕಲ್ ಸ್ಟೋರೇಜ್ ಎಂಬ ಬ್ರೌಸರಿನ ಸಂಗ್ರಹದಿಂದ ಓದಿ, ಎಚ್‌ಟಿಎಂಎಲ್ ಎಲಿಮೆಂಟಿಗೆ ಒಂದು ಕ್ಲಾಸ್ ಹಚ್ಚುವ ನಾಲ್ಕೈದು ಸಾಲು. ತಡವಾಗಿ ರನ್ ಆದರೆ ಪುಟ ಒಮ್ಮೆ ಬೆಳ್ಳಗೆ ಮಿಂಚಿ ಆಮೇಲೆ ಕಪ್ಪಾಗುತ್ತದೆ. ಕ್ಲಾಸನ್ನು ಬಾಡಿಗೆ ಹಚ್ಚಲು ಹೋಗಬೇಡಿ, ಬಾಡಿ ಆಗ ಇರುವುದಿಲ್ಲ. ಈ ಕೋಡ್ ಸಿಎಸ್‌ಎಸ್ ಲಿಂಕ್‌ಗಿಂತ ಮೇಲೆಯೇ ಇರಲಿ. ಕೆಳಗಿಟ್ಟರೆ ಸಿಎಸ್‌ಎಸ್‌ಗಾಗಿ ಕಾಯುತ್ತ ಕೂರುತ್ತದೆ.

ಬಳಿಕ ಸಿಎಸ್‌ಎಸ್ ಲಿಂಕ್‌ಗಳು, ಕೊನೆಗೆ ಡಿಫರ್ ಹಾಕಿದ ಸ್ಕ್ರಿಪ್ಟ್‌ಗಳು. ಇಂಪೋರ್ಟ್ ಮ್ಯಾಪ್ (ಮಾಡ್ಯೂಲ್ ಹೆಸರುಗಳಿಗೆ ಫೈಲಿನ ದಾರಿ ಹೇಳುವ ಪಟ್ಟಿ) ಬಳಸುತ್ತಿದ್ದರೆ ಅದನ್ನು ಎಲ್ಲ ಮಾಡ್ಯೂಲ್ ಸ್ಕ್ರಿಪ್ಟ್‌ಗಳಿಗಿಂತ ಮೇಲೆ ಇಡಿ.

ಹೆಡ್‌ನಲ್ಲಿ ಡಿವ್, ಇಮೇಜ್, ಐಫ್ರೇಮ್ ಟ್ಯಾಗ್‌ಗಳನ್ನು ಇಡಬೇಡಿ. ಅಂಥದ್ದೊಂದು ಎದುರಾದ ಕೂಡಲೇ ಬ್ರೌಸರ್ ‘ಹೆಡ್ ಮುಗಿಯಿತು’ ಎಂದು ತೀರ್ಮಾನಿಸಿ ಬಾಡಿ ಶುರು ಮಾಡುತ್ತದೆ, ಅದರ ಕೆಳಗಿನ ಮೆಟಾ ಟ್ಯಾಗ್‌ಗಳೆಲ್ಲ ಬಾಡಿಗೆ ಜಾರುತ್ತವೆ. ಎಲ್ಲಿಂದಲೋ ನಕಲು ಮಾಡಿ ಅಂಟಿಸಿದ ಕೋಡ್ ತುಣುಕುಗಳಲ್ಲಿ ಇಂಥವು ಅಡಗಿರುತ್ತವೆ. ಎಲಿಮೆಂಟ್ಸ್ ಟ್ಯಾಬ್ ತೆರೆದು, ಹೆಡ್ ನೀವು ಬರೆದ ಜಾಗದಲ್ಲೇ ಮುಗಿದಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ.

ಹಂತ 4: ನಿಮ್ಮ ಸ್ವಂತ ಫೈಲ್‌ಗಳಿಗೆ ಡಿಫರ್ ಹಾಕಿ

ಪುಟದ ಎಲಿಮೆಂಟ್‌ಗಳನ್ನು ಮುಟ್ಟುವ ಪ್ರತಿ ಫೈಲ್‌ಗೂ ಇದೇ ಮೊದಲ ಆಯ್ಕೆ: ಟ್ಯಾಗ್ ಹೆಡ್‌ನಲ್ಲಿ, ಜೊತೆಗೆ ಡಿಫರ್. ಡೌನ್‌ಲೋಡ್ ಬೇಗ ಶುರುವಾಗುತ್ತದೆ, ಪಾರ್ಸರ್ ನಿಲ್ಲುವುದಿಲ್ಲ, ಇಡೀ ಎಚ್‌ಟಿಎಂಎಲ್ ಓದಿ ಮುಗಿದ ಮೇಲೆ ಸ್ಕ್ರಿಪ್ಟ್ ರನ್ ಆಗುತ್ತದೆ. ಡಿಫರ್ ಇರುವ ಫೈಲ್‌ಗಳು ಪುಟದಲ್ಲಿ ಬರೆದ ಕ್ರಮದಲ್ಲೇ ರನ್ ಆಗುತ್ತವೆ. ಎರಡನೆಯದು ಮೊದಲು ಬಂದರೂ ಮೊದಲನೆಯದಕ್ಕಾಗಿ ಕಾಯುತ್ತದೆ. ಇವೆಲ್ಲ ಮುಗಿದ ಮೇಲೆಯೇ ‘ಡಾಮ್‌ಕಂಟೆಂಟ್‌ಲೋಡೆಡ್’ ಇವೆಂಟ್, ಅಂದರೆ ಪುಟ ಓದಿ ಮುಗಿಯಿತೆಂಬ ಬ್ರೌಸರಿನ ಸೂಚನೆ, ಬರುವುದು.

ಹಾಗಾಗಿ ಜೆಕ್ವೆರಿ ಎಂಬ ಲೈಬ್ರರಿ (ಸಿದ್ಧ ಕೋಡಿನ ಸಂಗ್ರಹ) ಮೇಲೆ, ಅದನ್ನು ನಂಬಿದ ಪ್ಲಗಿನ್ ಅದರ ಕೆಳಗೆ, ನಿಮ್ಮ ಫೈಲ್ ಎಲ್ಲಕ್ಕಿಂತ ಕೆಳಗೆ, ಮೂರಕ್ಕೂ ಡಿಫರ್. ಮೂರಕ್ಕೂ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಜೆಕ್ವೆರಿಗೆ ಮಾತ್ರ ಡಿಫರ್ ಹಾಕಿ ಪ್ಲಗಿನ್ ಅನ್ನು ಹಾಗೆಯೇ ಬಿಟ್ಟರೆ ಪ್ಲಗಿನ್ ಮೊದಲು ರನ್ ಆಗಿ ಬೀಳುತ್ತದೆ.

ಬರವಣಿಗೆಯಲ್ಲಿ ಆಗುವ ತಪ್ಪುಗಳು ಮೂರು. ಎಸ್‌ಆರ್‌ಸಿ (ಹೊರಗಿನ ಫೈಲಿನ ವಿಳಾಸ) ಇಲ್ಲದ ಸಾಮಾನ್ಯ ಇನ್‌ಲೈನ್ ಸ್ಕ್ರಿಪ್ಟ್‌ಗೆ ಡಿಫರ್ ಹಾಕಿದರೆ ಅದಕ್ಕೆ ಯಾವ ಪರಿಣಾಮವೂ ಇಲ್ಲ. ಕೋಡ್ ಅಲ್ಲಿಯೇ ತಕ್ಷಣ ರನ್ ಆಗುತ್ತದೆ. ಎಸ್‌ಆರ್‌ಸಿ ಕೊಟ್ಟು ಅದೇ ಟ್ಯಾಗಿನ ಒಳಗೂ ಕೋಡ್ ಬರೆದರೆ ಒಳಗಿನದನ್ನು ಬ್ರೌಸರ್ ಕಡೆಗಣಿಸುತ್ತದೆ. ಇನ್ನು, ಸ್ಕ್ರಿಪ್ಟ್ ಟ್ಯಾಗನ್ನು ಓರೆಗೆರೆಯಿಂದ ತನ್ನಷ್ಟಕ್ಕೆ ಮುಚ್ಚಲು ಬರುವುದಿಲ್ಲ. ಪ್ರತ್ಯೇಕ ಮುಚ್ಚುವ ಟ್ಯಾಗ್ ಇರಲೇಬೇಕು, ಇಲ್ಲವಾದರೆ ಅದರ ಕೆಳಗಿನ ಪುಟವನ್ನೆಲ್ಲ ಬ್ರೌಸರ್ ಸ್ಕ್ರಿಪ್ಟಿನ ಒಳಭಾಗವೆಂದೇ ಓದುತ್ತದೆ. ಪುಟದ ಅರ್ಧ ಭಾಗ ಕಾಣೆಯಾಗಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಹಂತ 5: ಡಿಫರ್ ಹಾಕಿದ ಮೇಲೆ ಮುರಿದದ್ದನ್ನು ಸರಿಮಾಡಿ

ಹೆಚ್ಚಿನವರು ಕೈಚೆಲ್ಲಿ ಹಳೆಯ ಜಾಗಕ್ಕೆ ಮರಳುವುದು ಇಲ್ಲಿ. ಫೈಲ್‌ಗಳೆಲ್ಲ ಸರಿಯಾದ ಕ್ರಮದಲ್ಲಿವೆ, ಆದರೂ ‘ಜೆಕ್ವೆರಿ ಈಸ್ ನಾಟ್ ಡಿಫೈನ್ಡ್’ ಎಂಬ ದೋಷ. ಕಾರಣ, ಬಾಡಿಯ ನಡುವೆ ಎಲ್ಲೋ ಒಂದು ಇನ್‌ಲೈನ್ ಸ್ಕ್ರಿಪ್ಟ್ ಇದೆ. ಅದು ಪಾರ್ಸರ್ ತಲುಪಿದ ಕ್ಷಣದಲ್ಲೇ ರನ್ ಆಗುತ್ತದೆ. ಡಿಫರ್ ಹಾಕಿದ ಜೆಕ್ವೆರಿ ಪುಟ ಓದಿ ಮುಗಿಯುವವರೆಗೆ ಬರುವುದಿಲ್ಲ. ದೋಷದ ಬಲಕ್ಕೆ ಕಾಣುವ ಫೈಲ್ ಹೆಸರು ಮತ್ತು ಸಾಲಿನ ಸಂಖ್ಯೆ ನೋಡಿ: ಅಲ್ಲಿ ಸ್ಕ್ರಿಪ್ಟ್ ಫೈಲಿನ ಬದಲು ಪುಟದ ಹೆಸರೇ ಇದ್ದರೆ ಇದೇ ಸಮಸ್ಯೆ.

ಸರಿಪಡಿಸಲು ಮೂರು ದಾರಿಗಳಿವೆ. ಉತ್ತಮವಾದದ್ದು, ಆ ಇನ್‌ಲೈನ್ ಕೋಡನ್ನು ನಿಮ್ಮ ಫೈಲಿಗೆ ಸಾಗಿಸಿ, ಅಲ್ಲಿ ಡಿಫರ್ ಕ್ರಮದಲ್ಲಿ ರನ್ ಆಗಲು ಬಿಡುವುದು. ಸಾಗಿಸಲು ಆಗದಿದ್ದರೆ, ಉದಾಹರಣೆಗೆ ಸರ್ವರ್ ಆ ಕೋಡಿನೊಳಗೆ ಪುಟದಿಂದ ಪುಟಕ್ಕೆ ಬದಲಾಗುವ ಮೌಲ್ಯ ತುಂಬುತ್ತಿದ್ದರೆ, ಕೋಡನ್ನು ‘ಡಾಮ್‌ಕಂಟೆಂಟ್‌ಲೋಡೆಡ್’ ಕೇಳುವ ಫಂಕ್ಷನ್ ಒಳಗೆ ಸುತ್ತಿ. ಡಿಫರ್ ಫೈಲ್‌ಗಳೆಲ್ಲ ಮುಗಿದ ಮೇಲೆಯೇ ಆ ಇವೆಂಟ್ ಬರುವುದರಿಂದ ಜೆಕ್ವೆರಿ ಅಷ್ಟರಲ್ಲಿ ಸಿದ್ಧವಾಗಿರುತ್ತದೆ. ಮೂರನೆಯದು, ಆ ಇನ್‌ಲೈನ್ ಟ್ಯಾಗಿನ ಟೈಪ್ ಅನ್ನು ಮಾಡ್ಯೂಲ್ ಎಂದು ಬದಲಿಸುವುದು. ಇನ್‌ಲೈನ್ ಮಾಡ್ಯೂಲ್ ತಾನಾಗಿಯೇ ಡಿಫರ್ ಸಾಲಿನಲ್ಲಿ ನಿಲ್ಲುತ್ತದೆ. ಆದರೆ ಅದರೊಳಗಿನ ಹೆಸರುಗಳು ಹೊರಗಿನವರಿಗೆ ಕಾಣುವುದಿಲ್ಲ ಎಂಬುದನ್ನು ನೆನಪಿಡಿ.

‘ಡಾಮ್‌ಕಂಟೆಂಟ್‌ಲೋಡೆಡ್’ ಬಗ್ಗೆ ಒಂದು ಎಚ್ಚರಿಕೆ. ಅದು ಒಮ್ಮೆ ಮಾತ್ರ ಬರುತ್ತದೆ. ಬಂದುಹೋದ ಮೇಲೆ ಕೇಳಲು ಕೂತ ಕೋಡ್ ಎಂದೂ ರನ್ ಆಗುವುದಿಲ್ಲ, ಯಾವ ದೋಷವೂ ಕಾಣುವುದಿಲ್ಲ. ಅಸಿಂಕ್ ಫೈಲ್‌ಗಳಲ್ಲಿ, ತಡವಾಗಿ ಸೇರಿಸಿದ ಫೈಲ್‌ಗಳಲ್ಲಿ ಹೀಗಾಗುತ್ತದೆ. ಅಂಥಲ್ಲಿ ಪುಟದ ಸ್ಥಿತಿ ಹೇಳುವ ‘ಡಾಕ್ಯುಮೆಂಟ್ ಡಾಟ್ ರೆಡಿಸ್ಟೇಟ್’ ನೋಡಿ: ಅದು ‘ಲೋಡಿಂಗ್’ ಆಗಿದ್ದರೆ ಇವೆಂಟಿಗಾಗಿ ಕಾಯಿರಿ, ಬೇರೆ ಏನೇ ಆಗಿದ್ದರೂ ನೇರವಾಗಿ ಫಂಕ್ಷನ್ ಕರೆಯಿರಿ.

ಹಂತ 6: ಒಂಟಿಯಾಗಿ ನಿಲ್ಲುವ ಸ್ಕ್ರಿಪ್ಟ್‌ಗೆ ಮಾತ್ರ ಅಸಿಂಕ್

ಅಸಿಂಕ್ ಫೈಲ್ ಹಿನ್ನೆಲೆಯಲ್ಲಿ ಡೌನ್‌ಲೋಡ್ ಆಗಿ, ಕೈಗೆ ಸಿಕ್ಕ ಕೂಡಲೇ ಪಾರ್ಸರನ್ನು ನಿಲ್ಲಿಸಿ ರನ್ ಆಗುತ್ತದೆ. ಕ್ರಮದ ಖಾತರಿ ಇಲ್ಲ. ಭೇಟಿ ಎಣಿಸುವ ಅನಲಿಟಿಕ್ಸ್‌ನಂಥ, ಯಾರನ್ನೂ ನಂಬದ, ಯಾರೂ ನಂಬದ ಸ್ಕ್ರಿಪ್ಟ್‌ಗಳಿಗೆ ಇದು ಸರಿ. ಲೈಬ್ರರಿಗಳಿಗೆ ಹಾಕಬೇಡಿ.

ತಪ್ಪು ಜಾಗದಲ್ಲಿ ಅಸಿಂಕ್ ಹಾಕಿದ್ದರ ಗುರುತು ಸ್ಪಷ್ಟವಾಗಿದೆ: ದೋಷ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಸರಿ, ಬೇರೆಯವರ ಮೊಬೈಲಿನಲ್ಲಿ ಇಲ್ಲ. ಮೊದಲ ಸಲ ತೆರೆದಾಗ ಸರಿ, ರೀಫ್ರೆಶ್ ಮಾಡಿದರೆ ಕೈಕೊಡುತ್ತದೆ, ಏಕೆಂದರೆ ಕ್ಯಾಶ್‌ನಲ್ಲಿ (ಬ್ರೌಸರಿನ ತಾತ್ಕಾಲಿಕ ಸಂಗ್ರಹದಲ್ಲಿ) ಕೂತ ಫೈಲ್ ತಕ್ಷಣ ಸಿಕ್ಕಿ, ಬಾಡಿ ಕಟ್ಟುವ ಮೊದಲೇ ರನ್ ಆಗಿರುತ್ತದೆ. ಹೀಗೆ ಬಂದುಹೋಗುವ ದೋಷ ಕಂಡರೆ ಲಾಜಿಕ್ ತಿದ್ದಲು ಹೊರಡಬೇಡಿ, ಮೊದಲು ಅಸಿಂಕ್ ತೆಗೆದು ಡಿಫರ್ ಹಾಕಿ ನೋಡಿ. ಎರಡನ್ನೂ ಒಟ್ಟಿಗೆ ಬರೆದರೆ ಅಸಿಂಕ್ ಮಾತೇ ನಡೆಯುತ್ತದೆ, ಆದ್ದರಿಂದ ‘ಸುರಕ್ಷತೆಗೆ ಎರಡೂ ಇರಲಿ’ ಎನ್ನುವುದರಿಂದ ಲಾಭವಿಲ್ಲ.

‘ಡಾಕ್ಯುಮೆಂಟ್ ಡಾಟ್ ರೈಟ್’ ಬಳಸುವ ಹಳೆಯ ಸ್ಕ್ರಿಪ್ಟ್‌ಗೆ ಅಸಿಂಕ್ ಅಥವಾ ಡಿಫರ್ ಹಾಕಿದರೆ ಆ ಬರವಣಿಗೆಯನ್ನು ಬ್ರೌಸರ್ ಕಡೆಗಣಿಸಿ ಕನ್ಸೋಲ್‌ನಲ್ಲಿ ಎಚ್ಚರಿಕೆ ತೋರಿಸುತ್ತದೆ. ಅದನ್ನೇ ಪುಟ ಪೂರ್ತಿ ಲೋಡ್ ಆದ ಮೇಲೆ ಕರೆದರೆ ಇಡೀ ಪುಟ ಅಳಿಸಿಹೋಗುತ್ತದೆ. ಅಂಥ ಸ್ಕ್ರಿಪ್ಟ್ ಇದ್ದರೆ ಜಾಗ ಬದಲಿಸುವುದಕ್ಕಿಂತ ಸ್ಕ್ರಿಪ್ಟನ್ನೇ ಬದಲಿಸಿ.

ಹಂತ 7: ಮಾಡ್ಯೂಲ್‌ಗೆ ಸಾಗುವಾಗ

ಟೈಪ್ ಮಾಡ್ಯೂಲ್ ಎಂದು ಬರೆದ ಸ್ಕ್ರಿಪ್ಟ್‌ಗೆ ಪ್ರತ್ಯೇಕ ಡಿಫರ್ ಬೇಡ, ಅದು ಇದ್ದಂತೆಯೇ. ಹೆಡ್‌ನಲ್ಲಿ ಧೈರ್ಯವಾಗಿ ಇಡಬಹುದು.

ಮುರಿಯುವುದು ಬೇರೆಡೆ. ಮಾಡ್ಯೂಲಿನೊಳಗೆ ಬರೆದ ಫಂಕ್ಷನ್ ಗ್ಲೋಬಲ್ ಆಗುವುದಿಲ್ಲ, ಅಂದರೆ ಹೊರಗಿನ ಕೋಡಿಗೆ ಕಾಣುವುದಿಲ್ಲ. ಬಟನ್ ಮೇಲಿನ ಆನ್‌ಕ್ಲಿಕ್ ಆ ಫಂಕ್ಷನನ್ನು ಹೆಸರಿನಿಂದ ಕರೆಯುತ್ತಿದ್ದರೆ ‘ನಾಟ್ ಡಿಫೈನ್ಡ್’ ಎಂಬ ದೋಷ ಕ್ಲಿಕ್ ಮಾಡಿದಾಗ ಮಾತ್ರ ಕಾಣುತ್ತದೆ, ಪುಟ ತೆರೆದಾಗ ಎಲ್ಲ ಸರಿಯಿದ್ದಂತೆಯೇ ಇರುತ್ತದೆ. ಮೊದಲ ಹಂತದಲ್ಲಿ ಆನ್‌ಕ್ಲಿಕ್‌ಗಳನ್ನು ಪಟ್ಟಿ ಮಾಡಲು ಹೇಳಿದ್ದು ಇದಕ್ಕೇ. ಅವನ್ನು ತೆಗೆದು ಮಾಡ್ಯೂಲಿನೊಳಗೇ ‘ಆಡ್‌ಇವೆಂಟ್‌ಲಿಸನರ್’ ಮೂಲಕ ಜೋಡಿಸಿ.

ಫೈಲನ್ನು ಸರ್ವರ್ ಜಾವಾಸ್ಕ್ರಿಪ್ಟ್ ಎಂಬ ಮೈಮ್ ಟೈಪ್‌ನೊಂದಿಗೆ (ಫೈಲಿನ ಬಗೆ ಹೇಳುವ ಗುರುತು) ಕಳಿಸದಿದ್ದರೆ ಬ್ರೌಸರ್ ಮಾಡ್ಯೂಲನ್ನು ಒಪ್ಪುವುದಿಲ್ಲ. ಬೇರೆ ಡೊಮೇನ್‌ನಿಂದ ತರುವುದಾದರೆ ಆ ಸರ್ವರ್ ಕಾರ್ಸ್ ಅನುಮತಿ (ಬೇರೆ ಸೈಟ್ ತನ್ನ ಫೈಲ್ ಬಳಸಬಹುದೆಂಬ ಒಪ್ಪಿಗೆ) ಕೊಟ್ಟಿರಬೇಕು. ಈಗ ಓಡುತ್ತಿರುವ ಸ್ಕ್ರಿಪ್ಟ್ ಟ್ಯಾಗನ್ನು ತೋರಿಸುವ ‘ಡಾಕ್ಯುಮೆಂಟ್ ಡಾಟ್ ಕರೆಂಟ್‌ಸ್ಕ್ರಿಪ್ಟ್’ ಮಾಡ್ಯೂಲಿನಲ್ಲಿ ನಲ್ ಆಗಿರುತ್ತದೆ. ಹಳೆಯ ವಿಜೆಟ್ ಕೋಡನ್ನು ಮಾಡ್ಯೂಲ್ ಮಾಡಿದಾಗ ಇದು ಎದುರಾಗುತ್ತದೆ.

ಹಂತ 8: ಬಾಡಿಯ ಕೊನೆ ಯಾವಾಗ ಸರಿ?

ಬಾಡಿ ಮುಚ್ಚುವ ಟ್ಯಾಗಿನ ಸ್ವಲ್ಪ ಮೇಲೆ ಸ್ಕ್ರಿಪ್ಟ್ ಇಡುವುದು ತಪ್ಪಲ್ಲ. ಟೆಂಪ್ಲೇಟಿನ ಹೆಡ್ ನಿಮ್ಮ ಕೈಯಲ್ಲಿಲ್ಲದಿದ್ದರೆ, ಅಥವಾ ಇನ್‌ಲೈನ್ ಕೋಡ್ ಮೇಲಿನ ಎಲಿಮೆಂಟ್‌ಗಳನ್ನು ಮುಟ್ಟಬೇಕಿದ್ದರೆ ಅದೇ ಜಾಗ. ಉದ್ದನೆಯ ಪುಟದಲ್ಲಿ ಬ್ರೌಸರಿಗೆ ಆ ಟ್ಯಾಗ್ ಸಿಗುವುದೇ ತಡವಾಗಿ, ಡೌನ್‌ಲೋಡ್ ಶುರುವಾಗುವುದೂ ತಡವಾಗಿ. ಹೆಡ್ ಮತ್ತು ಡಿಫರ್ ಜೋಡಿ ಮೇಲು ಎನ್ನುವುದು ಈ ಕಾರಣಕ್ಕೆ.

ಬಾಡಿ ಮುಚ್ಚಿದ ಮೇಲೆ ಸ್ಕ್ರಿಪ್ಟ್ ಬರೆಯಬೇಡಿ. ಬ್ರೌಸರ್ ಅದನ್ನು ಸದ್ದಿಲ್ಲದೆ ಬಾಡಿಯೊಳಗೆ ಎಳೆದುಕೊಳ್ಳುವುದರಿಂದ ಕೆಲಸವೇನೋ ಆಗುತ್ತದೆ, ಆದರೆ ನಿಯಮದ ಪ್ರಕಾರ ತಪ್ಪು, ಲಾಭವೂ ಇಲ್ಲ.

ಇನ್‌ಲೈನ್ ಕೋಡಿನಲ್ಲಿ ಒಂದು ಹೊಂಡ: ಸ್ಟ್ರಿಂಗ್ ಒಳಗೆ ಸ್ಕ್ರಿಪ್ಟ್ ಮುಚ್ಚುವ ಟ್ಯಾಗನ್ನು ಹಾಗೆಯೇ ಬರೆದರೆ ಬ್ರೌಸರ್ ಕೋಡ್ ಅಲ್ಲಿಗೇ ಮುಗಿಯಿತೆಂದು ತಿಳಿದು, ಉಳಿದದ್ದನ್ನು ಪುಟದ ಮೇಲೆ ಅಕ್ಷರಗಳಾಗಿ ಸುರಿಯುತ್ತದೆ. ಟ್ಯಾಗಿನ ಓರೆಗೆರೆಗಿಂತ ಮೊದಲು ಒಂದು ಹಿಮ್ಮುಖ ಓರೆಗೆರೆ ಸೇರಿಸಿದರೆ ಸಾಕು.

ಹಂತ 9: ಕೋಡ್ ಮೂಲಕ ಸೇರಿಸುವ ಸ್ಕ್ರಿಪ್ಟ್

‘ಕ್ರಿಯೇಟ್‌ಎಲಿಮೆಂಟ್’ ಬಳಸಿ ಹುಟ್ಟಿಸಿದ ಸ್ಕ್ರಿಪ್ಟ್‌ಗಳು ತಾವಾಗಿಯೇ ಅಸಿಂಕ್. ಎರಡು ಫೈಲ್‌ಗಳನ್ನು ಹೀಗೆ ಸೇರಿಸಿ ಕ್ರಮ ಉಳಿಯಬೇಕೆಂದರೆ, ಪುಟಕ್ಕೆ ಜೋಡಿಸುವ ಮೊದಲೇ ಎರಡರ ಅಸಿಂಕ್ ಮೌಲ್ಯವನ್ನೂ ಫಾಲ್ಸ್ ಮಾಡಿ. ‘ಇನ್ನರ್‌ಎಚ್‌ಟಿಎಂಎಲ್’ ಮೂಲಕ ತುರುಕಿದ ಸ್ಕ್ರಿಪ್ಟ್ ಟ್ಯಾಗ್ ರನ್ ಆಗುವುದೇ ಇಲ್ಲ. ಟ್ಯಾಗ್ ಎಲಿಮೆಂಟ್ಸ್‌ನಲ್ಲಿ ಕಾಣುತ್ತಿದೆ, ನೆಟ್‌ವರ್ಕ್‌ನಲ್ಲಿ ಫೈಲ್ ಇಲ್ಲ ಎಂದರೆ ಕಾರಣ ಇದು.

ಹಂತ 10: ನಿಧಾನ ಜಾಲದಲ್ಲಿ ಪರೀಕ್ಷಿಸಿ

ವೇಗದ ಇಂಟರ್‌ನೆಟ್‌ನಲ್ಲಿ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ‘ಡಿಸೇಬಲ್ ಕ್ಯಾಶ್’ ಗುರುತು ಹಾಕಿ, ಜಾಲದ ವೇಗ ತಗ್ಗಿಸುವ ಥ್ರಾಟ್ಲಿಂಗ್ ಪಟ್ಟಿಯಿಂದ ನಿಧಾನದ ಆಯ್ಕೆ ಆರಿಸಿ, ಟೂಲ್ಸ್ ತೆರೆದಿಟ್ಟುಕೊಂಡೇ ರೀಲೋಡ್ ಮಾಡಿ. ಬಳಿಕ ಕ್ಯಾಶ್ ಗುರುತು ತೆಗೆದು ಮತ್ತೆ ನಾಲ್ಕೈದು ಸಲ ರೀಲೋಡ್ ಮಾಡಿ. ಎರಡು ಬಗೆಯಲ್ಲೂ ಕನ್ಸೋಲ್ ಸ್ವಚ್ಛವಾಗಿದ್ದರೆ ಕ್ರಮ ಬಹುಮಟ್ಟಿಗೆ ಸರಿಯಿದೆ. ಪ್ರತಿ ಬಟನ್ನನ್ನೂ ಒತ್ತಿ ನೋಡಿ, ಏಳನೇ ಹಂತದ ದೋಷ ಒತ್ತದೆ ಕಾಣುವುದಿಲ್ಲ.

ಇನ್ನೂ ಕೆಂಪು ಸಾಲು ಉಳಿದಿದ್ದರೆ ಅದನ್ನು ಹೀಗೆ ಓದಿ. ‘ನಲ್’ ಎಂದಿದ್ದರೆ ಎಲಿಮೆಂಟ್ ಹುಟ್ಟುವ ಮೊದಲೇ ಸ್ಕ್ರಿಪ್ಟ್ ರನ್ ಆಗಿದೆ, ಇಲ್ಲವೇ ಐಡಿ ತಪ್ಪಿದೆ. ‘ನಾಟ್ ಡಿಫೈನ್ಡ್’ ಎಂದಿದ್ದರೆ ಬೇಕಾದ ಫೈಲ್ ಇನ್ನೂ ರನ್ ಆಗಿಲ್ಲ, ಇಲ್ಲವೇ ಹೆಸರು ಮಾಡ್ಯೂಲಿನೊಳಗೆ ಅಡಗಿದೆ. ಕೋನ ಚಿಹ್ನೆಯನ್ನು ತೋರಿಸಿ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಎಂದರೆ ಜಾಗದ ದೋಷವಲ್ಲ: ಫೈಲಿನ ದಾರಿ ತಪ್ಪಾಗಿ, ಸರ್ವರ್ ಸ್ಕ್ರಿಪ್ಟ್ ಬದಲು ಎಚ್‌ಟಿಎಂಎಲ್ ಪುಟವನ್ನು ಕಳಿಸಿದೆ. ಒಳ ಫೋಲ್ಡರ್‌ನ ಪುಟಗಳಲ್ಲಿ ಮಾತ್ರ ಹೀಗಾಗುತ್ತಿದ್ದರೆ ದಾರಿಯನ್ನು ಓರೆಗೆರೆಯಿಂದ, ಅಂದರೆ ಸೈಟಿನ ಬುಡದಿಂದ, ಶುರು ಮಾಡಿ.

ಕಡೆಯ ಪರೀಕ್ಷೆ ಹೊರಗಿನ ಸರ್ವರ್‌ಗಳಿಂದ ಬರುವ ಫೈಲ್‌ಗಳದು. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನು ಬ್ಲಾಕ್ ಮಾಡುವ ಆಯ್ಕೆ ಒತ್ತಿ, ರೀಲೋಡ್ ಮಾಡಿ. ಪುಟದ ಬರಹ ಓದಲು ಸಿಗಬೇಕು, ನಿಮ್ಮ ಮೆನು, ಫಾರಂಗಳು ನಡೆಯಬೇಕು. ಅವು ನಿಂತರೆ ಆ ಹೊರಗಿನ ಫೈಲ್ ಮೇಲೆ ನಿಮ್ಮ ಕೋಡ್ ಇನ್ನೂ ಎಲ್ಲೋ ಒರಗಿಕೊಂಡಿದೆ. ಮೊದಲ ಹಂತದ ಪಟ್ಟಿಯ ಎರಡನೇ ಪ್ರಶ್ನೆಗೆ ಬರೆದ ಉತ್ತರವನ್ನು ತಿದ್ದಿ, ಆ ಭಾಗವನ್ನು ಬೇರ್ಪಡಿಸಿ ಮತ್ತೆ ಬ್ಲಾಕ್ ಮಾಡಿ ನೋಡಿ.